ಹಳಿಯ ಬಳಿ ಎತ್ತಿದ ಕೈ

ಪೈಕ್ ಫಾಲ್ಸ್‌ನ ಕಾಗದದ ಕಾರ್ಖಾನೆ ಬಾಗಿಲು ಹಾಕಿದ ವರ್ಷ ವರ್ನ್ ಲೆಮ್ಕೆಗೆ ಅರವತ್ತು ತುಂಬಿತ್ತು. ಕಂಪನಿಯವರು ಕೇಕು ತಿನ್ನಿಸಿ, ಒಂದು ಗೋಡೆ ಗಡಿಯಾರ ಕೊಟ್ಟು, ನಿಗದಿಗಿಂತ ಮುಂಚೆಯೇ ಪಿಂಚಣಿ ಶುರುಮಾಡಿ ಕೈತೊಳೆದುಕೊಂಡರು. ವರ್ನ್‌ಗೆ ದುಃಖವೇನೂ ಆಗಲಿಲ್ಲ. ಮೂವತ್ತೈದು ವರ್ಷ ಯಂತ್ರದ ಗದ್ದಲದಲ್ಲಿ ನಿಂತು ಕಿವಿ ಅರ್ಧಕ್ಕರ್ಧ ಹೋಗಿದ್ದ ಮನುಷ್ಯ ಅವನು. ಇನ್ನು ದೋಣಿ ಉಂಟು, ವಾಲೈ ಮೀನು ಉಂಟು, ನಾನುಂಟು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಹೇಳಿಕೊಳ್ಳದೆ ಬಿಟ್ಟ ಸಂಗತಿ ಒಂದಿತ್ತು. ಕೆಲಸದ ಜೊತೆಗೇ ಆರೋಗ್ಯ ವಿಮೆಯೂ ಹೋಗಿತ್ತು. ಈ ದೇಶದಲ್ಲಿ ನೌಕರಿ ಇದ್ದವರಿಗೆ ಮಾಲೀಕರ ವಿಮೆ, ಅರವತ್ತೈದು ತುಂಬಿದವರಿಗೆ ಸರಕಾರದ ಮೆಡಿಕೇರ್ ಕಾರ್ಡು. ನಡುವಿನ ವರ್ಷಗಳಲ್ಲಿ ಕೆಲಸ ಬಿಟ್ಟು ಮನೆಯಲ್ಲಿ ಕೂತವರು ತಮ್ಮ ಪಾಡು ತಾವು ನೋಡಿಕೊಳ್ಳಬೇಕು. ಕಾಯಿಲೆ ಮಾತ್ರ ವಯಸ್ಸು ವಿಚಾರಿಸಿಕೊಂಡು ಬರುವುದಿಲ್ಲ.

ವರ್ನ್ ಮತ್ತು ಅವನ ಹೆಂಡತಿ ಆರ್ಲಿಸ್ ಪೇಟೆಯ ವಿಮಾ ಏಜೆಂಟನ ಮುಂದೆ ಹೋಗಿ ಕೂತರು. ಆ ವಯಸ್ಸಿನ ಇಬ್ಬರಿಗೆ ತಿಂಗಳ ಕಂತು ಅವರು ಹಿಂದೆ ಮನೆ ಸಾಲಕ್ಕೆ ಕಟ್ಟುತ್ತಿದ್ದುದರ ಎರಡರಷ್ಟು. ಅಷ್ಟು ಕಟ್ಟಿದರೂ ಆಸ್ಪತ್ರೆಗೆ ಹೋದರೆ ಮೊದಲ ಹಲವು ಸಾವಿರ ಡಾಲರ್ ತಮ್ಮ ಕೈಯಿಂದಲೇ ಹೋಗಬೇಕು, ಆಮೇಲೆ ವಿಮೆ ಕಣ್ಣು ಬಿಡುತ್ತದೆ. ಕಡಿಮೆ ಆದಾಯದವರಿಗಾದರೆ ಸರಕಾರ ಕೈಹಿಡಿಯುತ್ತಿತ್ತು. ಇವರಿಬ್ಬರ ಗಳಿಕೆ ಸೇರಿ ಆ ಗೆರೆಯನ್ನು ಒಂದಿಷ್ಟು ದಾಟಿಬಿಟ್ಟಿತ್ತು. ಏಜೆಂಟ್ ಒಳ್ಳೆಯವನು, ತಾನೇ ತಪ್ಪು ಮಾಡಿದವನಂತೆ ತಲೆತಗ್ಗಿಸಿಕೊಂಡು ಇದನ್ನೆಲ್ಲ ಹೇಳಿದ.

ದಾರಿಯುದ್ದಕ್ಕೂ ವರ್ನ್ ಮಾತಾಡಿದ. ನಾವು ಗಟ್ಟಿಮುಟ್ಟಾಗಿದ್ದೇವೆ, ನಮ್ಮಪ್ಪ ಎಂಬತ್ತರವರೆಗೆ ಸೌದೆ ಸೀಳುತ್ತಿದ್ದ, ಐದು ವರ್ಷ ಹೇಗೋ ತಳ್ಳಿದರಾಯಿತು ಎಂದ. ಆರ್ಲಿಸ್ ಮರುವಾರ ಶಾಲಾ ಬಸ್ಸುಗಳ ಶೆಡ್ಡಿಗೆ ಹೋಗಿ ಕೆಲಸ ಕೇಳಿದಳು.

ಆರ್ಲಿಸ್ ಹೈನಿನವರ ಮನೆಯ ಮಗಳು, ಏಳು ಮಕ್ಕಳಲ್ಲಿ ನಾಲ್ಕನೆಯವಳು. ಮಧ್ಯದ ಮಕ್ಕಳ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲವಾದ್ದರಿಂದ ಮಾತು ಬಿಟ್ಟು ಕೆಲಸ ಕಲಿತವಳು. ಒಂಬತ್ತನೇ ವಯಸ್ಸಿಗೆ ಟ್ರ್ಯಾಕ್ಟರ್ ಓಡಿಸಿದ್ದಳು. ಮದುವೆಯಾದ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು ಊರ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಆ ಕುರ್ಚಿಯಲ್ಲಿ ಕೂತವರು ಮನೆಯ ಒಳಹೊರಗನ್ನೆಲ್ಲ ಅವಳ ಮುಂದೆ ಸುರಿದು ಹೋಗುತ್ತಿದ್ದರು. ಅಲ್ಲಿ ಬಿದ್ದ ಮಾತು ಇನ್ನೊಬ್ಬರ ಕಿವಿಗೆ ಹೋದದ್ದನ್ನು ನಾನಂತೂ ಕೇಳಿಲ್ಲ. ಅಂಥ ಬಾಯಿಬಿಗಿ ಹೆಂಗಸು ಐವತ್ತೇಳನೇ ವಯಸ್ಸಿಗೆ ಹಳದಿ ಬಸ್ಸು ಹತ್ತಲು ಹೊರಟಿದ್ದಳು.

ಶೆಡ್ಡಿನ ಒಳಹೊಕ್ಕವರಿಗೆ ಮೊದಲು ಕಾಣುವುದು ನರೆತ ತಲೆಗಳೇ. ನಿವೃತ್ತ ಪೊಲೀಸಿನವನೊಬ್ಬ, ದನದ ಕೊಟ್ಟಿಗೆಯ ಕೆಲಸ ಮುಗಿಸಿ ಓಡಿಬರುವ ಹೆಂಗಸರಿಬ್ಬರು, ಚರ್ಚಿನಲ್ಲಿ ವಾದ್ಯ ನುಡಿಸುವವಳು, ಬ್ಯಾಂಕಿನಿಂದ ಬೇಗ ಹೊರಬಿದ್ದವನು. ಸಂಬಳ ನೋಡಿ ಬಂದವರು ಇವರಲ್ಲಿ ಒಬ್ಬರೂ ಇಲ್ಲ. ನಮ್ಮ ಜಿಲ್ಲೆಯ ಶಾಲೆ ಬಸ್ ಓಡಿಸುವವರಿಗೆ ಇಡೀ ಮನೆಗೆ ಆಗುವ ವಿಮೆ ಕೊಡುತ್ತದೆ. ಪಕ್ಕದ ಜಿಲ್ಲೆಯವರು ಕೊಡುವುದಿಲ್ಲ, ಅದಕ್ಕೇ ಅವರಿಗೆ ಡ್ರೈವರುಗಳೂ ಸಿಗುವುದಿಲ್ಲ. ಹಾಗಾಗಿ ಹೊಸಬರು ಬಂದಾಗ ಶೆಡ್ಡಿನ ಮೇಲ್ವಿಚಾರಕಿ ಲವಾನ್ ಕೇಳುವ ಮೊದಲ ಪ್ರಶ್ನೆಯೇ ಬೇರೆ. ಆರ್ಲಿಸ್‌ಗೂ ಅದನ್ನೇ ಕೇಳಿದಳು.

"ಯಾರಿಗೋಸ್ಕರ ಓಡಿಸ್ತೀಯ?"

"ವರ್ನ್‌ಗೆ."

"ಏನು ಕಾಯಿಲೆ?"

"ಇನ್ನೂ ಬಂದಿಲ್ಲ."

"ಬರುತ್ತೆ ಬಿಡು," ಎಂದು ಲವಾನ್ ಕೀಲಿಕೈ ಗೊಂಚಲು ತೆಗೆದಳು.

ವರ್ನ್‌ಗೆ ಇದೊಂದು ತಮಾಷೆಯಾಯಿತು. ಶುಕ್ರವಾರ ಮೀನೂಟಕ್ಕೆ ಊರವರೆಲ್ಲ ಸೇರುವ ಕಡೆ, ನಮ್ಮವಳಿಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ, ಊರ ಮಕ್ಕಳನ್ನು ಮೆರವಣಿಗೆ ಮಾಡಿಸುತ್ತಾಳೆ ಎಂದು ನಗಿಸಿದ. ಬೆಳಕು ಹರಿಯುವ ಮುಂಚೆ ಅವಳು ಎದ್ದು ಹೋಗುವಾಗ ಇವನು ಮಗ್ಗುಲು ಬದಲಿಸುತ್ತಿದ್ದ. ಮಧ್ಯಾಹ್ನ ಅವಳು ಮತ್ತೆ ಹೊರಡುವಾಗ ದೋಣಿಗೆ ಬಣ್ಣ ಬಳಿಯುತ್ತಿದ್ದ.

ಎರಡನೇ ವರ್ಷ ಲವಾನ್ ಹೇಳಿದ್ದು ಬಂತು. ವರ್ನ್‌ನ ಒಂದು ಮೂತ್ರಪಿಂಡದಲ್ಲಿ ಗಡ್ಡೆ. ನಗರದ ದೊಡ್ಡ ಆಸ್ಪತ್ರೆಯಲ್ಲಿ ಆ ಪಿಂಡವನ್ನೇ ತೆಗೆದು ಹಾಕಿದರು. ಬಿಲ್ಲು ಬಂದಾಗ ಅದರ ಮೊತ್ತ ನೋಡಿ ವರ್ನ್ ಅಡುಗೆಮನೆಯ ಕುರ್ಚಿಯಲ್ಲಿ ಕೂತುಬಿಟ್ಟ. ಆ ದುಡ್ಡಿಗೆ ಅವರ ಮನೆಯನ್ನೂ ಪಕ್ಕದವರ ಮನೆಯನ್ನೂ ಕೊಳ್ಳಬಹುದಿತ್ತು. ಕೆಳಗಿನ ಸಾಲಿನಲ್ಲಿ ಅವರು ಕೊಡಬೇಕಾದದ್ದು ಬೇಸಿಗೆಯ ಒಂದು ಪ್ರವಾಸದ ಖರ್ಚಿನಷ್ಟು. ಉಳಿದದ್ದನ್ನೆಲ್ಲ ಆರ್ಲಿಸ್‌ಳ ವಿಮೆ ನುಂಗಿಕೊಂಡಿತ್ತು.

ಅವತ್ತು ಅವನು ಅವಳ ಕೈ ಹಿಡಿದುಕೊಂಡ. ನಿಜವಾಗಿ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಹೊಲಿಗೆ ಒಣಗಿದ ಹಾಗೆ ಆ ನೀರೂ ಒಣಗಿತು. ಗಂಡಸರ ಉಪಕಾರ ಸ್ಮರಣೆಗೆ ಆಯುಷ್ಯ ಕಡಿಮೆ, ನನ್ನದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಮುಂದಿನ ವಸಂತಕ್ಕೆ ಅವನು ಮತ್ತೆ ದೋಣಿಯಲ್ಲಿದ್ದ, ಅವಳು ಬಸ್ಸಿನಲ್ಲಿದ್ದಳು. ಮನೆಯಲ್ಲಿ ಒಂದೇ ಮಾತು ಓಡಾಡುತ್ತಿತ್ತು, ಅರವತ್ತೈದು ತುಂಬಲಿ. ಅರವತ್ತೈದು ತುಂಬಿದ ಮೇಲೆ ದಕ್ಷಿಣಕ್ಕೆ ಹೋಗೋಣ, ಅರವತ್ತೈದು ತುಂಬಿದ ಮೇಲೆ ನಾಯಿ ಸಾಕೋಣ. ಯಾರಿಗೆ ಅರವತ್ತೈದು ಎಂದು ಇಬ್ಬರೂ ಹೇಳುತ್ತಿರಲಿಲ್ಲ.

ವರ್ನ್‌ನ ಅರವತ್ತೈದಕ್ಕೆ ಎರಡು ತಿಂಗಳಿದ್ದಾಗ, ಜನವರಿಯಲ್ಲಿ, ಆರ್ಲಿಸ್‌ಳ ಬಸ್ಸಿನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಸಹಾಯಕಿ ಜ್ವರ ಬಂದು ಮಲಗಿದಳು. ಬದಲಿ ಸಿಗಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಬೇಟೆ-ಬಂದೂಕಿನ ತರಬೇತಿಗೆ ವರ್ನ್ ಕೈಜೋಡಿಸುತ್ತಿದ್ದುದರಿಂದ ಅವನ ಪೂರ್ವಾಪರ ವಿಚಾರಣೆ ಆಗಲೇ ಮುಗಿದಿತ್ತು. ಲವಾನ್ ಫೋನು ಮಾಡಿ, ಮೂರು ದಿನ ಬಂದು ಕೂತುಕೋ, ಏನೂ ಮಾಡುವುದು ಬೇಡ, ಮಕ್ಕಳ ಸೀಟಿನ ಪಟ್ಟಿ ಬಿಗಿದಿದೆಯೋ ನೋಡಿದರೆ ಸಾಕು ಎಂದಳು. ವರ್ನ್ ಗೊಣಗಿಕೊಂಡು ಬೂಟು ಹಾಕಿದ.

ಹೊರಗೆ ಕತ್ತಲು. ಮೂಗಿನೊಳಗಿನ ಕೂದಲು ಹೆಪ್ಪುಗಟ್ಟುವ ಚಳಿ. ಆರ್ಲಿಸ್ ಟಾರ್ಚು ಹಿಡಿದು ಬಸ್ಸಿನ ಸುತ್ತ ಒಂದು ಸುತ್ತು ಬಂದಳು, ಚಕ್ರ ಮುಟ್ಟಿದಳು, ದೀಪ ನೋಡಿದಳು, ಹಿಂಬಾಗಿಲು ತೆಗೆದು ಹಾಕಿದಳು. ವರ್ನ್ ಒಳಗೆ ಕೈ ಉಜ್ಜಿಕೊಳ್ಳುತ್ತ ಕೂತಿದ್ದ. ಅವಳು ಮೆಟ್ಟಿಲು ಹತ್ತುವಾಗ ಬಲಗಾಲನ್ನು ತೊಡೆಯ ಹತ್ತಿರ ಕೈಯಿಂದ ಎತ್ತಿ ಇಟ್ಟುಕೊಂಡದ್ದು ಅವನ ಕಣ್ಣಿಗೆ ಬಿತ್ತು. ಕೇಳಬೇಕೆನ್ನುವಷ್ಟರಲ್ಲಿ ಬಸ್ಸು ಹೊರಟಿತು.

ಒಂದೊಂದು ತಿರುವಿನಲ್ಲೂ ಮಕ್ಕಳು ಹತ್ತಿದರು. ಹತ್ತಿದವರು ಬಾಯಿ ತೆಗೆದುಕೊಂಡೇ ಹತ್ತಿದರು. ಅರ್ಧ ದಾರಿಗೆ ಬರುವ ಹೊತ್ತಿಗೆ ಒಳಗಿನ ಗದ್ದಲ ವರ್ನ್‌ನ ಕಿವಿಯನ್ನೂ ತಲುಪುವಷ್ಟಾಗಿತ್ತು. ಯಾರೋ ಹಾಡುತ್ತಿದ್ದರು, ಯಾರೋ ಅಳುತ್ತಿದ್ದರು, ಒಬ್ಬನ ಟೋಪಿ ಹಿಂದಿನಿಂದ ಮುಂದಕ್ಕೆ ಕೈಯಿಂದ ಕೈಗೆ ಹಾರುತ್ತಿತ್ತು. ಆರ್ಲಿಸ್ ಒಮ್ಮೆಯೂ ಕೂಗಲಿಲ್ಲ. ತಲೆಯ ಮೇಲಿನ ದೊಡ್ಡ ಕನ್ನಡಿಯಲ್ಲಿ ನೋಡಿದಳು. ಟೋಪಿ ತಾನಾಗಿ ಅದರ ಒಡೆಯನ ತಲೆಗೆ ಬಂದು ಕೂತಿತು.

ಕಾರ್ಖಾನೆಯ ಹಿಂದೆ ರೈಲುಹಳಿ ರಸ್ತೆಯನ್ನು ಅಡ್ಡಹಾಯುತ್ತದೆ. ಅಲ್ಲಿ ಗೇಟಿಲ್ಲ, ಗಂಟೆಯಿಲ್ಲ, ಅಡ್ಡಡ್ಡ ಹೊಡೆದ ಎರಡು ಹಲಗೆಯ ಕಂಬವೊಂದೇ. ನದಿಯ ಕಡೆಯಿಂದ ಗಾಳಿ ಬೀಸಿ ನೆಲದ ಹಿಮವನ್ನೆಲ್ಲ ಎಬ್ಬಿಸಿತ್ತು. ಮುಂದಿನ ಗಾಜಿನಾಚೆ ಬರೀ ಬಿಳುಪು. ಆರ್ಲಿಸ್ ಹಳಿಗಿಂತ ಸಾಕಷ್ಟು ಹಿಂದೆ ಬಸ್ಸು ನಿಲ್ಲಿಸಿದಳು. ಮಿನುಗುವ ದೀಪ ಹಾಕಿದಳು, ಬಿಸಿಗಾಳಿಯ ಫ್ಯಾನು ಆರಿಸಿದಳು, ಪಕ್ಕದ ಕಿಟಕಿ ಸರಿಸಿದಳು, ಬಾಗಿಲು ತೆರೆದಳು. ಆಮೇಲೆ ಬಲಗೈ ಎತ್ತಿದಳು.

ಗದ್ದಲ ನಿಂತಿತು. ಕಡಿಮೆಯಾದದ್ದಲ್ಲ, ಪೂರ್ತಿ ನಿಂತಿತು. ಹಾಡುತ್ತಿದ್ದವಳು ಪದದ ನಡುವೆ ಬಾಯಿ ಮುಚ್ಚಿದಳು, ಅಳುತ್ತಿದ್ದವನು ಉಸಿರು ಬಿಗಿಹಿಡಿದ. ಬಸ್ಸು ತುಂಬ ಮಕ್ಕಳು, ಒಂದು ಕೈ, ತೆರೆದ ಬಾಗಿಲಿನಿಂದ ಒಳಬರುವ ಚಳಿ. ಚರ್ಚಿನಲ್ಲಿ ಕೂಡ ಅಂಥ ನಿಶ್ಶಬ್ದವನ್ನು ವರ್ನ್ ಕಂಡಿರಲಿಲ್ಲ.

ಆ ಹಳಿಯ ಪಕ್ಕದಲ್ಲೇ ಅವನು ಮೂವತ್ತೈದು ವರ್ಷ ದುಡಿದಿದ್ದ. ಯಾವ ಗಾಡಿ ಎಷ್ಟು ಹೊತ್ತಿಗೆ ಎಂಬುದು ತನಗೆ ಬಾಯಿಪಾಠ ಎಂದುಕೊಂಡಿದ್ದ. ಅವನ ಕಿವಿಗೆ ಏನೂ ಬೀಳಲಿಲ್ಲ. "ಈ ಹೊತ್ತಲ್ಲಿ ಯಾವ ಗಾಡೀನೂ ಇಲ್ಲ, ನಡಿ," ಎಂದ. ಮೆಲ್ಲಗೆ ಹೇಳಿದೆ ಎಂದು ಅವನು ತಿಳಿದಿದ್ದ. ಕಿವಿ ಮಂದವಾದವರ ಮೆಲುದನಿ ಎಂಥದ್ದೆಂದು ಎಲ್ಲರಿಗೂ ಗೊತ್ತು. ಮುಂದಿನ ಸೀಟಿನ ಪುಟ್ಟ ಹುಡುಗಿ ಅವನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

ಆರ್ಲಿಸ್ ಕೈ ಇಳಿಸಲಿಲ್ಲ. ತಲೆಯನ್ನು ಒಂದಿಷ್ಟು ವಾಲಿಸಿ ಹಾಗೇ ಕೂತಿದ್ದಳು. ವರ್ನ್‌ಗೆ ಮೊದಲು ಬೂಟಿನ ಅಡಿಯಲ್ಲಿ ನಡುಕ ತಿಳಿಯಿತು. ಮರುಕ್ಷಣ ಆ ಬಿಳುಪಿನೊಳಗಿಂದ ಒಂದು ದೀಪ, ಅದರ ಹಿಂದೆಯೇ ಕಪ್ಪು ಇಂಜಿನ್ನು, ಅದರ ಹಿಂದೆ ಮರದ ದಿಮ್ಮಿ ಹೇರಿಕೊಂಡ ಸಾಲು ಸಾಲು ವ್ಯಾಗನ್ನು, ಬಸ್ಸಿನ ಮೂತಿಯೆದುರು ಹಾಯ್ದು ಹೋದವು. ಗಾಡಿ ಎದುರಿಗೆ ಬಂದ ಮೇಲೇ ಅವನಿಗೆ ಅದರ ಸದ್ದು ಕೇಳಿದ್ದು. ಕೊನೆಯ ವ್ಯಾಗನ್ನು ಹೋದ ಮೇಲೂ ಅವಳು ಇನ್ನೊಂದು ಗಳಿಗೆ ಕೈ ಎತ್ತಿಯೇ ಇದ್ದಳು. ಎರಡೂ ಕಡೆ ಆಲಿಸಿದಳು. ಕೈ ಇಳಿಯಿತು, ಬಾಗಿಲು ಮುಚ್ಚಿತು, ಹುಡುಗಿ ಹಾಡನ್ನು ಬಿಟ್ಟ ಪದದಿಂದಲೇ ಎತ್ತಿಕೊಂಡಳು.

ಬಸ್ಸಿನಲ್ಲಿ ಯಾರಿಗೂ ವಿಶೇಷವೇನೂ ನಡೆದಂತೆ ಅನ್ನಿಸಿರಲಿಲ್ಲ. ವರ್ನ್ ಮಾತ್ರ ತಿರುಗಿ ಹಳಿಯನ್ನು ನೋಡಿದ. ಸ್ಟೀರಿಂಗ್ ತನ್ನ ಕೈಯಲ್ಲಿದ್ದಿದ್ದರೆ ಎಂಬ ಯೋಚನೆ ಬಂತು. ನಲವತ್ತು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದ ಹೆಂಡತಿಯ ಬೆನ್ನನ್ನು ಅವನು ಬೇರೆ ಯಾರನ್ನೋ ನೋಡುವಂತೆ ನೋಡಿದ. ಇವಳು ಇದನ್ನು ದಿನಕ್ಕೆರಡು ಸಲ ಮಾಡುತ್ತಾಳೆ, ಮನೆಗೆ ಬಂದು ಆಲೂಗಡ್ಡೆ ಸುಲಿಯುತ್ತಾಳೆ, ಒಂದು ದಿನವೂ ಬಾಯಿಬಿಟ್ಟಿಲ್ಲ. ಅವನಿಗೆ ಬೆರಗಾಯಿತು. ಒಂಚೂರು ಭಯವೂ ಆಯಿತು.

ಶಾಲೆಯ ಮುಂದೆ ಮಕ್ಕಳೆಲ್ಲ ಇಳಿದ ಮೇಲೆ ಆರ್ಲಿಸ್ ಹಿಂದುಹಿಂದಾಗಿ, ಕಂಬಿ ಹಿಡಿದು, ಮೆಟ್ಟಿಲಿಳಿದಳು. ಕಾಲಿಗೇನಾಯಿತು ಎಂದು ವರ್ನ್ ಕೇಳಿದ. ಸೊಂಟದ ಕೀಲು ಸವೆದಿದೆಯಂತೆ, ಬದಲಾಯಿಸಬೇಕಂತೆ, ಡಾಕ್ಟರು ಹೋದ ವರ್ಷವೇ ಹೇಳಿದ್ದರಂತೆ. ಡ್ರೈವರುಗಳನ್ನು ಪರೀಕ್ಷೆ ಮಾಡುವವರು ಮುಂದಿನ ಸಲ ಪಾಸು ಮಾಡುವುದು ಕಷ್ಟ ಎಂದಿದ್ದರಂತೆ. ಇದನ್ನೆಲ್ಲ ಅವಳು ಹವೆಯ ವಿಷಯ ಹೇಳುವಂತೆ ಹೇಳಿದಳು. ಆಪರೇಷನ್ ಮಾಡಿಸಿಕೊಂಡು ಮತ್ತೆ ಬ್ರೇಕು ತುಳಿಯುವ ಶಕ್ತಿ ಬರದೆ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವಿಮೆ ಹೋಗುತ್ತದೆ, ವರ್ಷಕ್ಕೊಮ್ಮೆ ನಿನ್ನ ಹೊಟ್ಟೆಯ ಸ್ಕ್ಯಾನು ಇದೆಯಲ್ಲ ಎಂದಳು.

"ಮಾರ್ಚಿ ಬರ್ಲಿ," ಎಂದ ವರ್ನ್. "ನನ್ನ ಕಾರ್ಡು ಬಂದ ದಿನ ನೀನು ಕೀಲಿಕೈ ಬಿಸಾಕು."

ಆರ್ಲಿಸ್ ಕೈಗವಸು ಹಾಕಿಕೊಂಡಳು.

ಮಾರ್ಚಿ ಬಂತು, ಕಾರ್ಡೂ ಬಂತು. ಕೆಂಪು, ಬಿಳಿ, ನೀಲಿ ಪಟ್ಟಿಯ ತೆಳ್ಳನೆ ಕಾಗದದ ಕಾರ್ಡು. ವರ್ನ್ ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೇ ಶುಕ್ರವಾರದ ಮೀನೂಟಕ್ಕೆ ಹೋದ. ಹುರಿದ ಮೀನು, ಆಲೂಗಡ್ಡೆ ದೋಸೆ, ಹೆಚ್ಚಿದ ಕೋಸು ಮೇಜಿಗೆ ಬಂದವು. ಬ್ರಾಂದಿಯ ಲೋಟ ಎತ್ತಿ ಅವನು ಊರವರಿಗೆಲ್ಲ ಕೇಳುವಂತೆ ಸಾರಿದ. ಐದು ವರ್ಷ ನನ್ನವಳು ನನ್ನನ್ನು ಹೊತ್ತಳು, ಇನ್ನು ಸಾಕು, ಜೂನಿನಲ್ಲಿ ಶಾಲೆ ಮುಗಿದರೆ ಇವಳೂ ನಿವೃತ್ತೆ, ಸೊಂಟ ರಿಪೇರಿ ಮಾಡಿಸಿ ದಕ್ಷಿಣಕ್ಕೆ ಹೊರಡುತ್ತೇವೆ. ಜನ ಮೇಜು ತಟ್ಟಿದರು. ಆರ್ಲಿಸ್ ನಕ್ಕಳು, ಅವನ ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕಿದಳು. ಲವಾನ್ ಒಬ್ಬಳು ಮೇಜು ತಟ್ಟಲಿಲ್ಲ.

ಮನೆಗೆ ಹೋಗುವಾಗ ಪಿಕಪ್ಪನ್ನು ಆರ್ಲಿಸ್ ಓಡಿಸುತ್ತಿದ್ದಳು. ವರ್ನ್ ಕಾರ್ಡು ತೆಗೆದು ಮತ್ತೊಮ್ಮೆ ನೋಡುತ್ತಿದ್ದ. ಅವಳು ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದಳು. ಅವನಿಗೆ ಸರಿಯಾಗಿ ಕೇಳಬೇಕಾದ ಮಾತಿದ್ದರೆ ಅವಳು ಹಾಗೇ ಮಾಡುತ್ತಿದ್ದಳು, ಮುಖಕ್ಕೆ ಮುಖ ಕೊಟ್ಟು ಹೇಳುತ್ತಿದ್ದಳು.

"ಅದರಲ್ಲಿ ಯಾರ ಹೆಸರಿದೆ, ನೋಡು."

"ನಂದು."

"ಮತ್ತೆ?"

ವರ್ನ್ ಕಾರ್ಡನ್ನು ತಿರುಗಿಸಿ ಹಿಂದೆಯೂ ನೋಡಿದ.

"ಒಂದು ಕಾರ್ಡಿಗೆ ಒಂದೇ ಹೆಸರು, ವರ್ನ್. ನಂಗೆ ಅರವತ್ತೆರಡು. ನಾನು ಕೀಲಿಕೈ ಕೊಟ್ಟ ದಿನ ನಂಗೆ ಏನೂ ಇರಲ್ಲ."

ಕಾರ್ಖಾನೆಯ ವಿಮೆಯಲ್ಲೂ ಅವಳ ವಿಮೆಯಲ್ಲೂ ಇಬ್ಬರೂ ಒಟ್ಟಿಗೇ ಇದ್ದರು. ನಲವತ್ತು ವರ್ಷ ಒಂದೇ ವಿಮೆ, ಒಂದೇ ಮನೆ, ಒಂದೇ ಪಿಕಪ್ಪು. ಅರವತ್ತೈದು ತುಂಬಲಿ ಎಂದು ಒಟ್ಟಿಗೇ ಹೇಳಿ ಹೇಳಿ, ಅದು ಇಬ್ಬರಿಗೂ ಒಂದೇ ದಿನ ತುಂಬುತ್ತದೆ ಎಂಬಂತೆ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಇಂಥ ತಪ್ಪು ಬ್ರಹ್ಮಚಾರಿ ಮಾಡುವುದಿಲ್ಲ. ಇದೇ ಊರಿನಲ್ಲಿ ಇನ್ನೂ ನಾಲ್ಕು ಮನೆಯವರು ಇದನ್ನೇ ಮಾಡಿದ್ದನ್ನು ಕಂಡಿದ್ದೇನೆ.

ಆದರೆ ವರ್ನ್‌ನನ್ನು ಕಂಗೆಡಿಸಿದ್ದು ಸ್ವಂತ ಮರೆವಲ್ಲ. ಅವಳು ಮರೆತಿರಲಿಲ್ಲ. ಮೊದಲ ದಿನ ಶೆಡ್ಡಿಗೆ ಹೋದಾಗಲೇ ಅವಳಿಗೆ ಗೊತ್ತಿತ್ತು, ತನ್ನ ಪಾಲಿಗೆ ಇದು ಐದು ವರ್ಷದ ಕೆಲಸವಲ್ಲ, ಎಂಟು ವರ್ಷದ್ದು ಎಂದು. ಸವೆದ ಸೊಂಟ ಹೊತ್ತು ಇನ್ನೂ ಮೂರು ಚಳಿಗಾಲ ಓಡಿಸಲು ಅವಳು ಮನಸ್ಸು ಮಾಡಿಕೊಂಡಾಗಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದ.

"ನಿನ್ನ ಖುಷಿ ಕೆಡಿಸೋದು ಯಾಕೆ ಅಂತ. ನಿಂಗೆ ಕಿಡ್ನಿ ಒಂದೇ ಇದೆ," ಎಂದು ಅವಳು ಗಾಡಿ ಹೊರಡಿಸಿದಳು.

ಸೋಮವಾರ ವರ್ನ್ ಯಾರಿಗೂ ಹೇಳದೆ ಶೆಡ್ಡಿಗೆ ಹೋದ. ಆರ್ಲಿಸ್ ಬದಲು ತಾನು ಓಡಿಸುತ್ತೇನೆ ಎಂಬ ಅವನ ಮಾತನ್ನು ಲವಾನ್ ಪೂರ್ತಿ ಕೇಳಿದಳು. ಶಾಲೆಗೆ ಅವನ ವಯಸ್ಸಿನ ತಕರಾರಿಲ್ಲ, ನೌಕರನ ಹೆಂಡತಿಗೂ ವಿಮೆ ಸಿಗುತ್ತದೆ, ಮೆಡಿಕೇರ್ ಕಾರ್ಡು ಅವನ ಜೇಬಿನಲ್ಲೇ ಇರಲಿ, ಅಡ್ಡಿಯಿಲ್ಲ ಎಂದಳು. ಆಮೇಲೆ ಅವನಿಗೆ ಬೆನ್ನು ತಿರುಗಿಸಿ ಕಾಫಿ ಬಗ್ಗಿಸಿಕೊಂಡಳು. ತಿರುಗಿ ನೋಡಿದಾಗ ವರ್ನ್ ಅವಳ ಮುಂದಿನ ಮಾತಿಗಾಗಿ ಕಾಯುತ್ತಲೇ ನಿಂತಿದ್ದ.

"ಈಗ ನಾನು ನಿನ್ನ ಕೂಗಿದೆ," ಎಂದಳು. "ಎರಡು ಸಲ."

ಡ್ರೈವರುಗಳ ವೈದ್ಯ ಪರೀಕ್ಷೆಯಲ್ಲಿ ಐದಡಿ ದೂರದಿಂದ ಪಿಸುಗುಟ್ಟಿದ್ದು ಕೇಳಬೇಕು. ವರ್ನ್ ಆದರೂ ಹೋಗಿ ನಿಂತ. ನರ್ಸಮ್ಮ ಅವನ ಹಿಂದೆ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಅವನು, ಯಾವಾಗ ಶುರು ಮಾಡ್ತೀರಮ್ಮ, ಎಂದು ವಿನಯವಾಗಿ ಕೇಳಿದ. ಅವಳು ಆಗಲೇ ಮುಗಿಸಿದ್ದಳು.

ಕಿವಿಗೆ ಯಂತ್ರ ಹಾಕಿಸಿಕೋ ಎಂದು ಆರ್ಲಿಸ್ ಹೇಳಲು ಶುರುಮಾಡಿ ಇಪ್ಪತ್ತು ವರ್ಷವಾಗಿತ್ತು. ಅದು ಮುದುಕರಿಗೆ ಎನ್ನುತ್ತಿದ್ದ. ಈಗ ಹೋಗಿ ಕೂತ. ಆಗ ತಿಳಿದದ್ದು, ಯಾವ ಕಾರ್ಡಿಗಾಗಿ ಐದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದರೋ ಆ ಕಾರ್ಡು ಕಿವಿಯ ಯಂತ್ರಕ್ಕೆ ಒಂದು ಕಾಸೂ ಕೊಡುವುದಿಲ್ಲ. ವರ್ನ್ ಗೊಣಗಲಿಲ್ಲ. ದೋಣಿಯನ್ನು ಮಿಲ್ವಾಕಿಯ ದಂತವೈದ್ಯನೊಬ್ಬನಿಗೆ ಮಾರಿದ. ಅದನ್ನು ಕೊಂಡಿಹಾಕಿ ಎಳೆದುಕೊಂಡು ಹೋಗುವಾಗ ಒಳಗೆ ಹೋಗಿ ಟಿವಿ ಹಾಕಿಕೊಂಡ.

ಯಂತ್ರ ಹಾಕಿಸಿಕೊಂಡು ಮನೆಗೆ ಬಂದ ದಿನ ಗೋಡೆಯ ಮೇಲೆ ಏನೋ ಬಡಿಯುತ್ತಿತ್ತು. ಕಂಪನಿಯ ಗಡಿಯಾರ. ಇದು ಇಷ್ಟು ಸದ್ದು ಮಾಡುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಫ್ರಿಜ್ಜು ಗುಂಯ್ ಎನ್ನುತ್ತಿತ್ತು, ಹೊರಗೆ ಯಾವುದೋ ಹಕ್ಕಿ. ಮಗುವಿನ ಹಾಗೆ ಕಣ್ಣರಳಿಸಿ ಕೂತಿದ್ದಾಗ ಆರ್ಲಿಸ್ ಎದುರಿನ ಕುರ್ಚಿಯಿಂದ ಎದ್ದಳು. ಏಳುವಾಗ ಅವಳ ಬಾಯಿಂದ ಸಣ್ಣದೊಂದು ನರಳಿಕೆ ಹೊರಟಿತು, ಹಲ್ಲುಕಚ್ಚಿ ತಡೆದರೂ ಹೊರಬಿದ್ದದ್ದಷ್ಟು. ಒಲೆಯ ತನಕ ಹೋಗಿ ಬಂದು ಕೂರುವಾಗ ಮತ್ತೆ ಅದೇ.

"ಈ ಸದ್ದು ಎಷ್ಟು ದಿನದಿಂದ?"

"ಯಾವ ಸದ್ದು?" ಎಂದಳು ಆರ್ಲಿಸ್. ಅವಳಿಗೆ ಅದು ರೂಢಿಯಾಗಿತ್ತು. ಅವನು ಕೇಳಿಸಿಕೊಂಡಿರಲಿಲ್ಲ, ಅಷ್ಟೆ. ವರ್ನ್ ಎದ್ದು ಹೋಗಿ ಸಿಂಕಿನ ಮುಂದೆ ನಿಂತು ನಲ್ಲಿ ಬಿಟ್ಟುಕೊಂಡು ಅತ್ತ. ನೀರಿನ ಸದ್ದು ಅಳುವನ್ನು ಮುಚ್ಚುವಷ್ಟು ಜೋರಿರುವುದಿಲ್ಲ ಎಂಬುದನ್ನೂ ಅವತ್ತೇ ಕಲಿತ.

ಬೇಸಿಗೆಯಲ್ಲಿ ಅವನಿಗೆ ಬಸ್ಸು ಕಲಿಸುವ ಕೆಲಸವನ್ನು ಲವಾನ್ ಆರ್ಲಿಸ್‌ಗೇ ಒಪ್ಪಿಸಿದಳು. ಶಾಲೆಯ ಖಾಲಿ ಮೈದಾನದಲ್ಲಿ ಗಂಡ ಹೆಂಡತಿ ಹಳದಿ ಬಸ್ಸಿನಲ್ಲಿ ಸುತ್ತುವುದನ್ನು ನೋಡಲು ಜನ ಐಸ್‌ಕ್ರೀಂ ಹಿಡಿದು ಬೇಲಿ ಪಕ್ಕ ನಿಲ್ಲುತ್ತಿದ್ದರು. ಬ್ರೇಕು ಜೋರಾಯಿತು, ತಿರುವು ಅಗಲವಾಯಿತು, ಕನ್ನಡಿ ನೋಡಲಿಲ್ಲ ಎಂದು ಅವಳ ವರಾತ ಮುಗಿಯುತ್ತಿರಲಿಲ್ಲ. ನಲವತ್ತು ವರ್ಷ ಆಡದೆ ಉಳಿಸಿಕೊಂಡ ಮಾತನ್ನೆಲ್ಲ ಆ ಬೇಸಿಗೆ ಆಡಿ ಮುಗಿಸಿದಳು.

"ಮೂವತ್ತೈದು ವರ್ಷ ಮನೆಯಷ್ಟು ದೊಡ್ಡ ಯಂತ್ರ ನಡೆಸಿದ್ದೀನಿ ಕಣೇ," ಎಂದು ವರ್ನ್ ಒಮ್ಮೆ ರೇಗಿದ.

"ಅದರೊಳಗೆ ಮಕ್ಕಳಿರ್ಲಿಲ್ಲ," ಎಂದಳು. ಅವನು ಬಾಯಿ ಮುಚ್ಚಿಕೊಂಡು ಕನ್ನಡಿ ನೋಡಿದ.

ಆಗಸ್ಟಿನಲ್ಲಿ ಪರೀಕ್ಷೆ ಪಾಸಾಯಿತು, ಪಿಸುಮಾತಿನದೂ ಸೇರಿ. ಕೀಲಿಕೈ ಕೊಡುವಾಗ ಲವಾನ್ ಎಲ್ಲರನ್ನೂ ಕೇಳುವುದನ್ನೇ ಕೇಳಿದಳು, ಯಾರಿಗೋಸ್ಕರ ಓಡಿಸುತ್ತೀಯ. ಆರ್ಲಿಸ್‌ಗೆ, ಎಂದ ವರ್ನ್. ಶೆಡ್ಡಿನ ಮಂದಿ ಕಾಫಿ ಲೋಟ ಕೆಳಗಿಟ್ಟು ಅವನಿಗೆ ಜಾಗ ಬಿಟ್ಟುಕೊಟ್ಟರು.

ಸೆಪ್ಟೆಂಬರಿನಿಂದ ವಿಮೆ ಅವನ ಹೆಸರಿಗೆ ಬಂತು, ಆರ್ಲಿಸ್ ಅದರ ನೆರಳಿಗೆ ಬಂದಳು. ಅಕ್ಟೋಬರಿಗೆ ಆಪರೇಷನ್ ನಿಗದಿಯಾಯಿತು. ಇಷ್ಟು ದಿನ ಬಿಡಬಾರದಿತ್ತು, ಮೂಳೆ ಬಹಳ ಸವೆದಿದೆ, ಅಂದುಕೊಂಡಷ್ಟು ಸಲೀಸಲ್ಲ ಎಂದು ಡಾಕ್ಟರು ವರ್ನ್‌ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅವನು ರಜೆ ಕೇಳಲು ಹೊರಟ. ಆರ್ಲಿಸ್ ಬಿಡಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಕೂತು ಏನು ಮಾಡುತ್ತೀ, ಅಕ್ಕ ವರ್ಡೆಲ್ ಇರುತ್ತಾಳೆ, ಮಕ್ಕಳು ಮನೆ ಸೇರುವುದು ಬೇಡವೇ ಎಂದಳು.

ಅವತ್ತು ಮಧ್ಯಾಹ್ನದ ಸರದಿಗೆ ಹೊರಡುವವರೆಗೂ ಸುದ್ದಿ ಬರಲಿಲ್ಲ. ಆಪರೇಷನ್ ಹೇಳಿದ್ದಕ್ಕಿಂತ ಹೊತ್ತು ಹಿಡಿಯುತ್ತಿದೆ ಎಂದಷ್ಟೇ ವರ್ಡೆಲ್ ತಿಳಿಸಿದ್ದಳು. ವರ್ನ್ ಫೋನನ್ನು ಚೀಲದಲ್ಲಿ ಹಾಕಿಟ್ಟ, ಸ್ಟೀರಿಂಗ್ ಹಿಡಿದವರು ಅದನ್ನು ಮುಟ್ಟುವಂತಿಲ್ಲ. ಮಕ್ಕಳು ಹತ್ತಿದರು.

ಮೊದಮೊದಲು ಅವನು ಕೈ ಎತ್ತಿದರೆ ಈ ಮಕ್ಕಳು ಕ್ಯಾರೇ ಅನ್ನುತ್ತಿರಲಿಲ್ಲ. ಪಾಠದಲ್ಲಿ ಉತ್ತರ ಗೊತ್ತಿದ್ದವನ ಹಾಗೆ ಕೈ ಎತ್ತಿಕೊಂಡು ಅವನು ಕಾಯುತ್ತ ಕೂರುತ್ತಿದ್ದ. ಮಿಸ್ ಆರ್ಲಿಸ್ ಹೀಗೆ ಹಿಡಿಯುತ್ತಿರಲಿಲ್ಲ ಎಂದು ಮುಂದಿನ ಸೀಟಿನ ಹುಡುಗಿ ತಿದ್ದಿದ್ದಳು, ಬೆರಳು ಅಗಲಿಸಬಾರದಂತೆ. ಆ ದಿನ ಹಳಿಯ ಬಳಿ ಬಸ್ಸು ನಿಂತಿತು. ದೀಪ, ಫ್ಯಾನು, ಕಿಟಕಿ, ಬಾಗಿಲು. ಅವನ ಕೈ ಪೂರ್ತಿ ಮೇಲೇರುವ ಮೊದಲೇ ಬಸ್ಸು ಸುಮ್ಮನಾಯಿತು. ಚಿಕ್ಕ ಊರು, ಎಲ್ಲ ಮಕ್ಕಳಿಗೂ ಗೊತ್ತಿತ್ತು.

ವರ್ನ್ ಆಲಿಸಿದ. ದೂರದ ಕಟ್ಟೆಯ ಮೇಲಿಂದ ನದಿ ಬೀಳುವುದು ಕೇಳಿತು. ಒಣಗಿದ ಎಲೆ ಹಳಿಯ ಮೇಲೆ ಉರುಳುವುದು ಕೇಳಿತು. ಹಿಂದೆ ಅಷ್ಟೂ ಮಕ್ಕಳ ಉಸಿರಾಟ ಕೇಳಿತು. ಮೂವತ್ತೈದು ವರ್ಷ ಇದರ ಪಕ್ಕದಲ್ಲೇ ಇದ್ದು ಇದರಲ್ಲಿ ಒಂದನ್ನೂ ಅವನು ಕೇಳಿರಲಿಲ್ಲ. ಆರ್ಲಿಸ್ ಕೇಳಿದ್ದಳು. ಅವನು ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದ ಒಂದೊಂದು ಬೆಳಗ್ಗೆಯೂ ಅವಳು ಇಲ್ಲಿ ಬಾಗಿಲು ತೆರೆದು, ಚಳಿಗೆ ಮುಖ ಕೊಟ್ಟು, ಬರಬಹುದಾದದ್ದಕ್ಕೆ ಕಿವಿಗೊಟ್ಟು ಕೂತಿದ್ದಳು. ಈ ಮಕ್ಕಳಿಗಾಗಿ ಕೂತಿದ್ದಳು, ತನಗಾಗಿ ಕೂತಿದ್ದಳು. ಅವಳ ಮುಂದೆ ತಾನೆಷ್ಟು ಸಣ್ಣವನು ಎಂದು ಅವನಿಗೆ ಅನ್ನಿಸಿತು. ಅಂಥವಳ ಮನೆಯವನು ತಾನು ಎಂದು ಹೆಮ್ಮೆಯೂ ಆಯಿತು.

"ಮಿಸ್ಟರ್ ವರ್ನ್," ಎಂದು ಹುಡುಗಿ ಪಿಸುಗುಟ್ಟಿದಳು, "ಏನಾದ್ರೂ ಬರ್ತಿದೆಯಾ?"

ಆ ಪಿಸುಮಾತು ಅವನಿಗೆ ಸ್ಪಷ್ಟವಾಗಿ ಕೇಳಿತು. "ಇಲ್ಲ ಪುಟ್ಟಿ, ಏನೂ ಬರ್ತಿಲ್ಲ," ಎಂದು ಕೈ ಇಳಿಸಿದ.

ಹಳಿ ದಾಟಿ ಚರ್ಚಿನ ತಿರುವಿಗೆ ಬಂದಾಗ ಬಸ್ಸಿನ ರೇಡಿಯೋ ಕರಕರ ಎಂದಿತು. ಲವಾನ್‌ಳ ದನಿ. ವರ್ನ್ ಬಸ್ಸನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದ.

"ವರ್ಡೆಲ್ ಫೋನ್ ಮಾಡಿದ್ಲು. ಎಲ್ಲ ಚೆನ್ನಾಗಾಯ್ತಂತೆ, ಎಚ್ಚರ ಆಗಿದೆ. ಕಣ್ಣು ಬಿಟ್ಟವಳೇ ಒಂದು ಮಾತು ಕೇಳಿದ್ಲಂತೆ."

"ಏನಂತೆ?"

"ಹಳಿ ಹತ್ರ ಕಿಟಕಿ ತೆಗೆದ್ನಾ ಅಂತ."

ವರ್ನ್ ಉತ್ತರ ಕೊಡುವ ಗುಂಡಿ ಒತ್ತಿ ಹಿಡಿದ. ಅವನು ಕೈ ಎತ್ತದಿದ್ದರೂ ಮಕ್ಕಳು ಸುಮ್ಮನೆ ಕೂತಿದ್ದರು.

"ತೆಗೆದೆ ಅಂತ ಹೇಳು," ಎಂದ. "ಎರಡೂ ಕಡೆ ಕೇಳಿದೆ ಅಂತ ಹೇಳು."